ಅಡಿ ತಿರುಗಿಸಿ ನೋಡಿ: ಈಪರ್ ಸುತ್ತ ನಾಲ್ಕು ದಿನ

ಹಲಸೂರಿನ ನಮ್ಮ ಹಳೇ ಮನೆಯ ಬಾಗಿಲ ಮೂಲೆಯಲ್ಲಿ ಛತ್ರಿ ಇಡೋಕೆ ಒಂದು ಹಿತ್ತಾಳೆ ಡಬ್ಬ ಇತ್ತು. ಉದ್ದಕ್ಕೆ, ಕೊಳವೆಯ ಹಾಗೆ. ಅಜ್ಜ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿದ್ದವರು, ಅಲ್ಲಿಂದ ತಂದದ್ದಂತೆ. ಅದು ತೋಪಿನ ಗುಂಡಿನ ಖಾಲಿ ಕೇಸು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಅಷ್ಟರಲ್ಲಿ ಅಜ್ಜ ಹೋಗಿದ್ದರು. ಮನೆ ಖಾಲಿ ಮಾಡುವಾಗ ಚಿಕ್ಕಪ್ಪ ಅದನ್ನು ಗುಜರಿಗೆ ಹಾಕಿಯೂ ಆಗಿತ್ತು. ಕೆಜಿ ಲೆಕ್ಕದಲ್ಲಿ.

ಈಗ ಕೆಲಸಕ್ಕೆ ಅಂತ ಬೆಲ್ಜಿಯಮ್ಮಿನ ಲೂವೆನ್‌ನಲ್ಲಿದ್ದೇನೆ. ಒಂದು ದಿನ ಊಟದ ಹೊತ್ತಿನಲ್ಲಿ ಈ ಡಬ್ಬದ ಕಥೆ ಹೇಳಿದೆ. ಎದುರು ಕೂತಿದ್ದ ಹಿರಿಯ ಸಹೋದ್ಯೋಗಿ ಚಮಚ ಕೆಳಗಿಟ್ಟು, "ಅದರ ಅಡಿಯಲ್ಲಿ ಏನು ಬರೆದಿತ್ತು?" ಅಂದರು. ಅಡಿಯಲ್ಲಿ ಬರೆದಿರುತ್ತದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಅವರ ಊರು ಪಾಪರಿಂಗೆ, ಈಪರ್‌ನ ಪಕ್ಕ. ಮೊದಲ ಮಹಾಯುದ್ಧದ ಖಾಲಿ ತೋಪಿನ ಗುಂಡು, ಅಂದರೆ ಷೆಲ್‌ಗಳನ್ನು ಅವರ ಅಪ್ಪ ಕೂಡಿಡುತ್ತಿದ್ದರು, ಈಗ ಇವರು. ಬಾ, ತೋರಿಸುತ್ತೇನೆ ಅಂದರು. ಅವರ ಹೆಸರು ಬೇಡ, ಯಜಮಾನರು ಅಂತಲೇ ಕರೆಯುತ್ತೇನೆ.

ದಿನ 1, ಶುಕ್ರವಾರ

ಲೂವೆನ್‌ನಿಂದ ಈಪರ್‌ಗೆ ಸುಮಾರು 150 ಕಿ.ಮೀ. ಬ್ರಸೆಲ್ಸ್ ದಾಟೋದರಲ್ಲೇ ಅರ್ಧ ಹೊತ್ತು ಹೋಯಿತು. "ರಜೆ ಅಂದ್ರೆ ಎಲ್ರೂ ಪ್ಯಾರಿಸ್‌ಗೆ ಹೋಗ್ತಾರೆ, ನೀವು ಗುಜರಿ ನೋಡೋಕೆ ಕರ್ಕೊಂಡು ಹೋಗ್ತಿದೀರಿ" ಅಂತ ನನ್ನಾಕೆ ದಾರಿಯುದ್ದಕ್ಕೂ ಹೇಳಿದಳು. ತಪ್ಪೇನೂ ಹೇಳಲಿಲ್ಲ ಬಿಡಿ.

ಈ ಊರಿಗೆ ಹೆಸರು ಮೂರು. ಇಲ್ಲಿನವರಿಗೆ ಈಪರ್, ಫ್ರೆಂಚರಿಗೆ ಈಪ್ರ್, 1914ರಲ್ಲಿ ಬಂದ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ವೈಪರ್ಸ್. ನಾಲ್ಕು ವರ್ಷ ಊರಿನ ಮೂರೂ ಕಡೆ ಯುದ್ಧ ನಡೆದು ಕಲ್ಲಿನ ಮೇಲೆ ಕಲ್ಲು ಉಳಿದಿರಲಿಲ್ಲ. ಈಗ ಚೌಕದಲ್ಲಿ ನಿಂತರೆ 13ನೇ ಶತಮಾನದ ಬಟ್ಟೆ ಮಾರುಕಟ್ಟೆ ಗಂಭೀರವಾಗಿ ನಿಂತಿದೆ. ನೋಡಿದರೆ ಹಳೇದು. ಆದರೆ ಯುದ್ಧದ ಮೇಲೆ ಮತ್ತೆ ಕಟ್ಟಿದ್ದು, ಕೆಲಸ ಮುಗಿದದ್ದು 1967ರಲ್ಲಿ. ನನ್ನ ಅಪ್ಪನಿಗಿಂತ ಚಿಕ್ಕದು!

ರಾತ್ರಿ 8ಕ್ಕೆ ಮೆನಿನ್ ಗೇಟ್, ಸತ್ತ ಸಿಪಾಯಿಗಳ ನೆನಪಿನ ಕಮಾನು. 1928ರಿಂದ ಇಲ್ಲಿ ದಿನಾ ರಾತ್ರಿ ರಸ್ತೆ ತಡೆದು ಬ್ಯೂಗಲ್ ಊದುತ್ತಾರೆ. ಎರಡನೇ ಯುದ್ಧದಲ್ಲಿ ಜರ್ಮನರು ಊರು ಹಿಡಿದಿದ್ದಾಗ ಮಾತ್ರ ನಿಂತಿತ್ತು. ಕಮಾನಿನ ಒಳಗೋಡೆ ತುಂಬ 54,000ಕ್ಕೂ ಜಾಸ್ತಿ ಹೆಸರು, ಎಲ್ಲ ಸಮಾಧಿ ಸಿಗದವರದ್ದು. ಅದರಲ್ಲಿ ನಮ್ಮವರೂ ಇದ್ದಾರೆ. ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಇಲ್ಲಿಗೆ ಬಂದದ್ದು 1914ರ ಅಕ್ಟೋಬರ್‌ನಲ್ಲಿ. ಆ ತಿಂಗಳ 31ಕ್ಕೆ ಹತ್ತಿರದ ಹೊಲ್ಲೆಬೆಕೆಯಲ್ಲಿ ಮೆಷಿನ್ ಗನ್ ಬಿಡದೆ ಕಾದ ಖುದಾದಾದ್ ಖಾನ್‌ಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಭಾರತೀಯ ಸಿಪಾಯಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಬ್ಯೂಗಲ್ ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬಾರದಂತೆ. ನಾನು ಕೈ ಎತ್ತಿದ್ದೆ, ನನ್ನಾಕೆ ಹಿಡಿದಳು.

ದಿನ 2, ಶನಿವಾರ

ಬೆಳಿಗ್ಗೆ ಪಾಪರಿಂಗೆಗೆ. ಹಾಪ್ಸ್ ಬೆಳೆಯೋ ಸೀಮೆ, ಎತ್ತರದ ಕಂಬ, ತಂತಿ, ನಮ್ಮ ದ್ರಾಕ್ಷಿ ತೋಟಕ್ಕೆ ಕಾಲು ಉದ್ದ ಬಂದ ಹಾಗೆ. ಯಜಮಾನರ ಹಿತ್ತಲಲ್ಲಿ ಒಂದು ಶೆಡ್ಡು. ಒಳಗೆ ಹೋದ ಕೂಡಲೇ ಎಣ್ಣೆ, ಹಿತ್ತಾಳೆ, ಹಳೇ ಕಟ್ಟಿಗೆ ವಾಸನೆ. ಕಪಾಟು ತುಂಬ ಷೆಲ್ಲು, ಅದನ್ನು ಹಾರಿಸುವ ಮದ್ದು ತುಂಬೋ ಹಿತ್ತಾಳೆ ಕೇಸು, ಅದನ್ನು ಸಿಡಿಸುವ ಫ್ಯೂಸು.

ನಾನು ಕೈ ಚಾಚಿದೆ. ಅವರು ತಡೆದರು. ಮೊದಲು ಮೂರು ಮಾತು ಅಂದರು. ನೆಲ ಅಗೆಯೋದಿಲ್ಲ. ಹೊಲದಲ್ಲಿ ಬಿದ್ದದ್ದನ್ನು ಎತ್ತೋದಿಲ್ಲ. ಖಾಲಿ ಅಂತ ಮಾರುವವನು ಹೇಳಿದರೆ ನಂಬೋದಿಲ್ಲ. ಇಲ್ಲಿರೋದೆಲ್ಲ ಅವರ ಅಪ್ಪನ ಕಾಲದಿಂದ ಕೊಂಡದ್ದು, ಒಂದೊಂದಕ್ಕೂ ಚೀಟಿ ಇದೆ: ಎಲ್ಲಿಂದ ಬಂತು, ಯಾವಾಗ, ಮದ್ದು ತೆಗೆದವರು ಯಾರು. ಮದ್ದಿಲ್ಲದ ಸಾಮಾನಿಗೆ ಈ ಹವ್ಯಾಸದವರು ಇನರ್ಟ್ ಅನ್ನುತ್ತಾರೆ. "ಚೀಟಿ ಇಲ್ಲದ ಇನರ್ಟ್ ಅಂದ್ರೆ ಬರೀ ಮಾತು" ಅಂದರು.

ಒಂದು ಷೆಲ್ ಪೂರ್ತಿ ಕತ್ತರಿಸಿ ಇಟ್ಟಿದ್ದರು, ಪಾಠಕ್ಕೆ ಅಂತ. ಬ್ರಿಟಿಷರ 18 ಪೌಂಡರ್ ತೋಪಿನ ಶ್ರಾಪ್ನೆಲ್ ಷೆಲ್. ಹೊಟ್ಟೆಯಲ್ಲಿ ಸುಮಾರು 375 ಸೀಸದ ಗೋಲಿ, ಗೋಲಿಯಾಟದ ಗೋಲಿಗಿಂತ ಸಣ್ಣವು. ತಲೆಯ ಮೇಲೆ ಟೈಮ್ ಫ್ಯೂಸ್, ಗಡಿಯಾರದ ಹಾಗೆ ಅಂಕಿ ಕೊರೆದ ಹಿತ್ತಾಳೆ ಉಂಗುರ. ಎಷ್ಟು ಸೆಕೆಂಡಿಗೆ ಸಿಡಿಯಬೇಕು ಅಂತ ಅದನ್ನು ತಿರುಗಿಸಿ ಇಡುತ್ತಿದ್ದರು. ಸಿಪಾಯಿಗಳ ತಲೆ ಮೇಲೆ ಆಕಾಶದಲ್ಲೇ ಬಾಯಿ ತೆರೆದು ಗೋಲಿ ಉಗುಳುವ ಸಾಮಾನು ಅದು. ನೋಡೋಕೆ ಎಷ್ಟು ಚೆಂದ ಇದೆ ಅಂದರೆ, ಆ ಫ್ಯೂಸನ್ನು ದೇವರ ಮನೆಯಲ್ಲಿ ಇಟ್ಟರೂ ಯಾರೂ ಕೇಳೋದಿಲ್ಲ. ಅದೇ ನನಗೆ ಕಸಿವಿಸಿ ಆಗಿದ್ದು.

ಷೆಲ್ಲಿನ ಬುಡದಲ್ಲಿ ಒಂದು ತಾಮ್ರದ ಪಟ್ಟಿ ಇರುತ್ತದೆ. ಅದನ್ನು ಬೆರಳಲ್ಲಿ ತೋರಿಸಿ, "ಇದು ನುಣ್ಣಗಿದ್ದರೆ ತೋಪಿನಿಂದ ಹಾರಿಲ್ಲ. ಓರೆ ಗೀರು ಇದ್ದರೆ ಹಾರಿದೆ" ಅಂದರು. ತೋಪಿನ ನಳಿಗೆಯ ಒಳಗಿನ ಸುತ್ತುಗೆರೆ ಮೆತ್ತನೆ ತಾಮ್ರದ ಮೇಲೆ ಅಚ್ಚಾಗುತ್ತದೆ. ಹಾರಿ, ಬಿದ್ದು, ಸಿಡಿಯದೆ ಉಳಿದದ್ದೇ ಎಲ್ಲಕ್ಕಿಂತ ಅಪಾಯ. ಹಾರುವ ರಭಸಕ್ಕೆ ಅದರ ಫ್ಯೂಸ್ ಎಚ್ಚರಾಗಿಬಿಟ್ಟಿರುತ್ತದೆ, ಆಮೇಲೆ ನಿದ್ದೆ ಬಂದಿರೋದಿಲ್ಲ. ಕೆಲವು ಷೆಲ್ಲುಗಳಿಗೆ ಪಿಕ್ರಿಕ್ ಆಸಿಡ್ ಅನ್ನೋ ಸಿಡಿಮದ್ದು ತುಂಬುತ್ತಿದ್ದರು. ಅದು ಲೋಹದ ಜೊತೆ ಸೇರಿ ವರ್ಷ ಕಳೆದ ಹಾಗೆ ಇನ್ನೂ ಮುಂಗೋಪಿ ಆಗುತ್ತದೆ. ತುಕ್ಕು ಹಿಡಿದರೆ ಸತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಉಲ್ಟಾ.

ಮಧ್ಯಾಹ್ನ ಈಪರ್‌ನ ಪೂರ್ವಕ್ಕೆ, ಜೋನೆಬೆಕೆ ಕಡೆ ಹೊರಟೆವು. ಎರಡೂ ಕಡೆ ಉತ್ತ ಹೊಲ, ಸಕ್ಕರೆ ಬೀಟ್‌ರೂಟ್ ರಾಶಿ, ಜಿಟಿಜಿಟಿ ಮಳೆ. ಒಂದು ತೋಟದ ಮನೆ ಹತ್ತಿರ ಯಜಮಾನರು ಕಾರು ನಿಧಾನ ಮಾಡಿದರು. ಕಾಂಕ್ರೀಟ್ ಕರೆಂಟು ಕಂಬದಲ್ಲಿ ಕಿಂಡಿಗಳಿರುತ್ತವಲ್ಲ, ಅಂಥ ಒಂದು ಕಿಂಡಿಯಲ್ಲಿ ಎರಡು ಷೆಲ್ಲು. ಮಣ್ಣು ಮೆತ್ತಿಕೊಂಡು, ಗೆಡ್ಡೆ ಗೆಣಸಿನ ಹಾಗೆ. ಉಳುವಾಗ ಸಿಕ್ಕಿದ್ದನ್ನು ರೈತ ತಂದು ಇಟ್ಟು ಪೊಲೀಸರಿಗೆ ಫೋನ್ ಮಾಡಿದ್ದಾನೆ. ಸೇನೆಯ ಬಾಂಬ್ ದಳದವರು ಬಂದು ಒಯ್ಯುತ್ತಾರೆ. ದಳದ ಹೆಸರು ಡೋವೋ. ಹಾಲಿನ ವ್ಯಾನು ಬರೋದನ್ನು ಕಾಯುವಷ್ಟು ಸಲೀಸಾಗಿ ಇಲ್ಲಿನವರು ಅದನ್ನು ಕಾಯುತ್ತಾರೆ.

ನಾನು ಇಳಿದೆ. ಫೋಟೊ ತೆಗೆಯೋಕೆ ಅಷ್ಟೇ, ದೇವರಾಣೆ. ಆದರೆ ಒಂದರ ತಾಮ್ರದ ಪಟ್ಟಿ ಕಂಡಿತು, ಗೀರು ಇದೆಯಾ ನೋಡೋಣ ಅಂತ ಮಣ್ಣು ಒರೆಸೋಕೆ ಬೆರಳು ಮುಂದೆ ಹೋಯಿತು. ಎರಡು ಗಂಟೆ ಪಾಠ ಕೇಳಿ ಬಂದವನು ನಾನು! ಯಜಮಾನರು ಕೂಗಿದ ರೀತಿಗೆ ಜೀವ ಬಾಯಿಗೆ ಬಂತು. ನನ್ನಾಕೆ ಕಾರಿನಿಂದಿಳಿಯಲಿಲ್ಲ, ರಾತ್ರಿವರೆಗೆ ಮಾತೂ ಆಡಲಿಲ್ಲ.

ಆಮೇಲೆ ಅವರು ಮೆಲ್ಲಗೆ ಹೇಳಿದರು. 2014ರ ಮಾರ್ಚ್‌ನಲ್ಲಿ ಇದೇ ಈಪರ್‌ನಲ್ಲಿ ಕಟ್ಟಡ ಕೆಲಸದ ಜಾಗದಲ್ಲಿ ಹಳೇ ಷೆಲ್ ಸಿಡಿದು ಇಬ್ಬರು ಕೆಲಸದವರು ಸತ್ತರು. ಯುದ್ಧ ಶುರುವಾಗಿ ಹತ್ತಿರ ಹತ್ತಿರ 100 ವರ್ಷ ಆಗಿತ್ತು. ಡೋವೋದವರು ಈಗಲೂ ವರ್ಷಕ್ಕೆ 150ರಿಂದ 200 ಟನ್ ಎತ್ತುತ್ತಾರೆ. ಇದಕ್ಕೆ ಇಲ್ಲಿ ಕಬ್ಬಿಣದ ಸುಗ್ಗಿ ಅಂತ ಹೆಸರು. ಎಲ್ಲಿಂದ ಬರುತ್ತೆ ಇಷ್ಟು ಅಂದರೆ, 1917ರಲ್ಲಿ ಪಾಶೆಂಡೇಲ್ ಯುದ್ಧಕ್ಕೆ ಮುಂಚೆ ಬರೀ ಎರಡು ವಾರದ ತೋಪು ದಾಳಿಯಲ್ಲಿ ಬ್ರಿಟಿಷರು ಹಾರಿಸಿದ ಷೆಲ್ಲುಗಳೇ 40 ಲಕ್ಷಕ್ಕೂ ಜಾಸ್ತಿ. ಮಳೆಗೆ ನೆಲ ಕೆಸರಾಗಿತ್ತು. ಮೆತ್ತನೆ ಕೆಸರಿಗೆ ಬಿದ್ದ ಗುಂಡು ಸಿಡಿಯದೆ ಹೂತುಹೋಗುತ್ತಿತ್ತು.

ಜೋನೆಬೆಕೆಯ ಪಾಶೆಂಡೇಲ್ ಮ್ಯೂಸಿಯಂನಲ್ಲಿ ವಿಷಾನಿಲದ ವಾಸನೆ ಮೂಸಿ ನೋಡೋ ಡಬ್ಬಿಗಳಿವೆ, ಬರೀ ನಕಲಿ ವಾಸನೆ. 1915ರ ಏಪ್ರಿಲ್ 22ರಂದು ಇಲ್ಲಿಂದ ಸ್ವಲ್ಪ ದೂರದ ಲಾಂಗೆಮಾರ್ಕ್ ಹತ್ತಿರ ಜರ್ಮನರು 150 ಟನ್ನಿಗೂ ಜಾಸ್ತಿ ಕ್ಲೋರಿನ್ ಬಿಟ್ಟರು. 1917ರ ಜುಲೈನಲ್ಲಿ ಮಸ್ಟರ್ಡ್ ಗ್ಯಾಸ್ ಮೊದಲು ಬಳಸಿದ್ದೂ ಈಪರ್‌ನಲ್ಲೇ. ಫ್ರೆಂಚರು ಅದಕ್ಕೆ ಈಪರೀಟ್ ಅಂತಲೇ ಹೆಸರಿಟ್ಟರು. ಮೈಸೂರಿಗೆ ಪಾಕು, ಧಾರವಾಡಕ್ಕೆ ಪೇಢೆ, ಈ ಊರಿಗೆ ಇದು.

ಜರ್ಮನ್ ಗ್ಯಾಸ್ ಷೆಲ್ಲುಗಳ ಮೇಲೆ ಹಳದಿ, ಹಸಿರು, ನೀಲಿ ಬಣ್ಣದ ಶಿಲುಬೆ ಗುರುತು ಇರುತ್ತಿತ್ತು, ಒಳಗಿನ ವಿಷ ಯಾವುದು ಅಂತ ತಿಳಿಯೋಕೆ. ನೆಲದಲ್ಲಿ ನೂರು ವರ್ಷ ಇದ್ದ ಮೇಲೆ ಬಣ್ಣ ಎಲ್ಲಿರುತ್ತೆ? ಹೊರಗಿನಿಂದ ನೋಡಿ ಹೇಳೋಕಾಗದೆ ಡೋವೋದವರು ಎಕ್ಸ್‌ರೇ ತೆಗೆದು ನೋಡುತ್ತಾರೆ. ಒಳಗೆ ದ್ರವ ಅಲುಗಾಡಿದರೆ ಗ್ಯಾಸು.

ದಿನ 3, ಭಾನುವಾರ

ಹಳೇ ಸೇನಾ ಸಾಮಾನಿನ ಸಂತೆ. ಒಂದು ಹಳ್ಳಿಯ ಕ್ರೀಡಾ ಹಾಲಿನಲ್ಲಿ ಮೇಜು ಜೋಡಿಸಿದ್ದರು. ಬೆಳಿಗ್ಗೆ 7ಕ್ಕೇ ಹೋಗಬೇಕು, ಒಳ್ಳೇದೆಲ್ಲ 8ರೊಳಗೆ ಖಾಲಿ ಅಂತ ಯಜಮಾನರು ಎಬ್ಬಿಸಿದರು. ನಮ್ಮಲ್ಲಿ ಕಡಲೆಕಾಯಿ ಪರಿಷೆಗೆ ಹೋದ ಹಾಗೆ ಜನ. ಗುಂಡಿ, ಬ್ಯಾಡ್ಜು, ಹೆಲ್ಮೆಟ್ಟು, ಮದ್ದಿಲ್ಲದ ಮಿಲ್ಸ್ ಬಾಂಬು (ಅನಾನಸ್ ಥರ ಚೌಕ ಚೌಕ ಕೊರೆದ ಕೈಬಾಂಬು, 1915ರಲ್ಲಿ ಬಂದದ್ದು), ಸಾಲು ಸಾಲು ಹಿತ್ತಾಳೆ ಕೇಸು.

ಇಲ್ಲಿ ಯಾರೂ ಕೇಸನ್ನು ಮೇಲಿನಿಂದ ನೋಡೋದಿಲ್ಲ. ಎತ್ತಿ, ತಲೆಕೆಳಗು ಮಾಡಿ, ಜೇಬಿನ ಭೂತಗನ್ನಡಿ ತೆಗೆದು ಅಡಿ ಓದುತ್ತಾರೆ. ಬ್ರಿಟಿಷ್ ಕೇಸಿನ ಅಡಿಯಲ್ಲಿ ಯಾವ ತೋಪಿನದು, ತಯಾರಿಸಿದವರ ಗುರುತು, ವರ್ಷ, ಜೊತೆಗೆ ಸರ್ಕಾರಿ ಆಸ್ತಿ ಅನ್ನೋ ಅಗಲ ಬಾಣದ ಗುರುತು. ಸಿ.ಎಫ್. ಅಂತಿದ್ದರೆ ಕಾರ್ಡೈಟ್ ಮದ್ದು ಪೂರ್ತಿ ತುಂಬಿದ್ದು ಅಂತ ಅರ್ಥ. ಒಂದೇ ಕೇಸನ್ನು ವಾಪಸ್ ಒಯ್ದು ಮತ್ತೆ ಮದ್ದು ತುಂಬಿ ಕಳಿಸುತ್ತಿದ್ದರು, ಪ್ರತಿ ಸಲವೂ ಹೊಸ ಗುರುತು. ಫ್ರೆಂಚರ 75 ಮಿ.ಮೀ. ತೋಪಿನ ಕೇಸಿಗೆ 75 DE C ಅಂತ ಇರುತ್ತದೆ, ಮೈದಾನದ ತೋಪು ಅಂತ ಅರ್ಥ. ಜರ್ಮನ್ 77 ಮಿ.ಮೀ. ಕೇಸಿನಲ್ಲಿ ಕಾರ್ಲ್ಸ್‌ರೂಹೆ ಅಂತ ಊರ ಹೆಸರು ಸಿಗುತ್ತದೆ, ತಿಂಗಳು ಸಮೇತ. ಜರ್ಮನರು ಲೆಕ್ಕದಲ್ಲಿ ಪಕ್ಕಾ.

ಒಂದು ಜೋಡಿ ಹೂದಾನಿ ನನ್ನಾಕೆಗೆ ಹಿಡಿಸಿತು. ಕೇಸನ್ನೇ ಬಡಿದು ನಡು ಸಣ್ಣ ಮಾಡಿ, ಮೇಲೆ ಎಲೆ ಬಳ್ಳಿ, "ಈಪ್ರ್ 1917" ಅಂತ ಕೊರೆದಿದ್ದರು. ಕಂದಕದಲ್ಲಿ ಸಿಪಾಯಿ ಸ್ವಂತ ಕೈಯಲ್ಲಿ ಮಾಡಿದ್ದು ಅಂತ ಮಾರುವವನು ಅಂದ. ಯಜಮಾನರು ಬೇರೆ ಮೇಜಿನಲ್ಲಿದ್ದರು. ಮಾತಾಡದೆ ಇದ್ದವಳು ಮಾತಾಡಿದ್ದೇ ಹೆಚ್ಚು ಅಂತ 70 ಯೂರೋ ಕೊಟ್ಟೆ. ಅವರು ಬಂದು ಎರಡನ್ನೂ ಮಗುಚಿದರು, ನಕ್ಕರು. ಅಡಿಯಲ್ಲಿ 1918 ಅಂತ ಅಚ್ಚಿತ್ತು. 1917ರಲ್ಲಿ ಕೆತ್ತೋಕೆ 1918ರ ಹಿತ್ತಾಳೆ ಎಲ್ಲಿಂದ ಬರಬೇಕು?

ವಾಪಸ್ ಕೊಡೋಕೆ ಹೋದೆ. ಯಜಮಾನರೇ ಬೇಡ ಅಂದರು. ಯುದ್ಧ ಮುಗಿದ ಮೇಲೆ ಮಗನ, ಗಂಡನ ಸಮಾಧಿ ಹುಡುಕಿಕೊಂಡು ಸಾವಿರಾರು ಜನ ಇಲ್ಲಿಗೆ ಬರುತ್ತಿದ್ದರು. ಅವರಿಗೆ ಮಾರೋಕೆ ಊರಿನವರೇ ಇಂಥವನ್ನು ಬಡಿದು ಮಾಡಿದರು. ಮನೆ ಬಿದ್ದುಹೋಗಿತ್ತು, ಹೊಲ ಉಳೋ ಹಾಗಿರಲಿಲ್ಲ, ಇದ್ದದ್ದು ಹಿತ್ತಾಳೆ ಒಂದೇ. ಹಾಗೆ ಹಿತ್ತಾಳೆ, ತಾಮ್ರ ಬಿಚ್ಚಿ ಗುಜರಿಗೆ ಹಾಕೋಕೆ ಹೋಗಿ ಸತ್ತವರೂ ಇದ್ದಾರೆ. ತಾಮ್ರದ ಪಟ್ಟಿಗೆ ಒಳ್ಳೇ ರೇಟಿತ್ತಂತೆ. ಗುಜರಿ ಅಂದ ಕೂಡಲೇ ನನಗೆ ಚಿಕ್ಕಪ್ಪನ ಮೇಲಿನ ಹಳೇ ಸಿಟ್ಟು ನೆನಪಾಯಿತು. ಆದರೆ ಹಸಿದವರ ಗುಜರಿ ಬೇರೆ, ಚಿಕ್ಕಪ್ಪನದು ಬೇರೆ.

ನನಗಾಗಿ ಒಂದು ಸಾದಾ 18 ಪೌಂಡರ್ ಕೇಸು ತಗೊಂಡೆ, 30 ಯೂರೋ. ಒಂದು ಅಡಿಗೆ ಕೂದಲೆಳೆ ಕಡಿಮೆ ಎತ್ತರ. 1915ರದ್ದು. ಎರಡು ಸಲ ಮದ್ದು ತುಂಬಿದ ಗುರುತಿದೆ, ಅಂದರೆ ಎರಡು ಸಲವಾದರೂ ಸಮುದ್ರ ದಾಟಿ ಬಂದಿದೆ. ಆ ವರ್ಷ ಷೆಲ್ ಸಾಲದೆ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆ ಆಗಿತ್ತು. ಆಮೇಲೆ ಹೆಂಗಸರು ಲಕ್ಷಗಟ್ಟಲೆ ಕಾರ್ಖಾನೆಗೆ ಬಂದರು. ಟಿ.ಎನ್.ಟಿ. ಸಿಡಿಮದ್ದು ಮುಟ್ಟಿ ಮುಟ್ಟಿ ಅವರ ಮೈ ಹಳದಿ ಆಗುತ್ತಿತ್ತು, ಕ್ಯಾನರಿ ಹಕ್ಕಿ ಅಂತ ಕರೆಯುತ್ತಿದ್ದರು. 1916ರ ಡಿಸೆಂಬರ್ 5ರಂದು ಲೀಡ್ಸ್ ಹತ್ತಿರದ ಬಾರ್ನ್‌ಬೋ ಕಾರ್ಖಾನೆ ಸಿಡಿದು 35 ಹೆಂಗಸರು ಸತ್ತರು. ಇದನ್ನೆಲ್ಲ ಹೇಳುವಾಗ ನನ್ನಾಕೆ ಕೇಸನ್ನು ನನ್ನ ಕೈಯಿಂದ ತಗೊಂಡು ತಾನೇ ಅಡಿ ಓದಿದಳು.

ಸಂಜೆ ಅಮ್ಮನಿಗೆ ವಿಡಿಯೊ ಕಾಲ್. "ಅಯ್ಯೋ, ಎಷ್ಟು ಕಪ್ಪಾಗಿದೆ! ಹುಣಸೆಹಣ್ಣು ಹಾಕಿ ಉಜ್ಜೋ, ಬಂಗಾರದ ಹಾಗಾಗುತ್ತೆ." ಯಜಮಾನರಿಗೆ ಅನುವಾದ ಮಾಡಿ ಹೇಳಿದೆ. ಅವರ ಮುಖ ನೋಡಬೇಕಿತ್ತು. ಉಜ್ಜಿದರೆ ಕಂದು ಮೆರುಗು ಹೋಗುತ್ತದೆ, ಜಾಸ್ತಿ ಉಜ್ಜಿದರೆ ಅಡಿಯ ಅಕ್ಷರವೂ ಸವೆಯುತ್ತದೆ. ಒಣ ಬಟ್ಟೆಯಲ್ಲಿ ಧೂಳು ಒರೆಸು, ಸಾಕು ಅಂದರು. ಅಮ್ಮನಿಗೆ ಅದನ್ನು ಹೇಳಲಿಲ್ಲ.

ದಿನ 4, ಸೋಮವಾರ

ಇವತ್ತು ಗಡಿಯಾಚೆ ಫ್ರಾನ್ಸಿನ ನವ್ ಶಪೆಲ್. ಮುಕ್ಕಾಲು ಗಂಟೆ ದಾರಿ. ಹಿತ್ತಾಳೆಯನ್ನು ಯಜಮಾನರ ಮನೆಯಲ್ಲೇ ಬಿಟ್ಟು ಹೋದೆವು. ಇಂಥ ಸಾಮಾನು ಹಿಡಿದು ಗಡಿ ದಾಟಬೇಡ, ಒಂದೊಂದು ದೇಶದಲ್ಲಿ ಒಂದೊಂದು ಕಾನೂನು ಅಂದರು. ಲಂಡನ್‌ಗೆ ಹೋಗುವ ಯೂರೋಸ್ಟಾರ್ ರೈಲಿನಲ್ಲಿ ಮದ್ದಿಲ್ಲದ ಷೆಲ್ಲನ್ನೂ ಬಿಡೋದಿಲ್ಲ. ಎಕ್ಸ್‌ರೇ ಪರದೆ ಮೇಲೆ ಷೆಲ್ ಕಂಡರೆ ಅದರ ಚೀಟಿ ಓದುತ್ತಾ ಕೂರೋರು ಯಾರು? ಇದನ್ನು ಬೆಂಗಳೂರಿಗೆ ತರೋ ಆಸೆ ನಾನೂ ಅಲ್ಲೇ ಕೈಬಿಟ್ಟೆ.

ಭಾರತೀಯ ಸ್ಮಾರಕ ಇರೋದು ಒಂದು ರಸ್ತೆ ಕೂಡುವ ಜಾಗದಲ್ಲಿ. ಆ ಜಾಗದ ಹೆಸರು ಲಾ ಬಾಂಬ್! ದುಂಡನೆ ಬಿಳಿ ಗೋಡೆ, ಎತ್ತರದ ಕಂಬದ ತಲೆಯಲ್ಲಿ ಕಮಲ, ಬುಡದ ಎರಡು ಕಡೆ ಕಲ್ಲಿನ ಹುಲಿ. ಗೋಡೆಯ ಜಾಲಂದ್ರ ನೋಡಿದರೆ ನಮ್ಮ ಕಡೆಯ ಯಾವುದೋ ಹಳೇ ಗುಡಿಯ ಪೌಳಿಗೆ ಬಂದ ಹಾಗೆ. ಹರ್ಬರ್ಟ್ ಬೇಕರ್ ಕಟ್ಟಿದ್ದು, 1927ರಲ್ಲಿ ತೆರೆದದ್ದು. 4,700ಕ್ಕೂ ಜಾಸ್ತಿ ಹೆಸರು. ಸುತ್ತ ಹೊಲ, ಗಾಳಿ. ನಾವು ಮೂವರು ಬಿಟ್ಟರೆ ಯಾರೂ ಇಲ್ಲ.

ನಾನು ಸ್ಯಾಪರ್ ಅನ್ನೋ ಪದ ಹುಡುಕುತ್ತಾ ಗೋಡೆ ಸುತ್ತಿದೆ. ಸಿಕ್ಕಿತು. ಅಜ್ಜನ ಪಡೆ ಅಲ್ಲ, ಪುಣೆ ಹತ್ತಿರದ ಕಿರ್ಕಿಯ ಸ್ಯಾಪರ್ಸ್. ಸೇತುವೆ, ಕಂದಕ ಕಟ್ಟೋಕೆ ಬಂದವರನ್ನು 1914ರ ಅಕ್ಟೋಬರ್ 28ರಂದು ಇದೇ ಹಳ್ಳಿಯ ಬೀದಿಗಳಿಗೆ ಬಯನೆಟ್ ಹಿಡಿಸಿ ನುಗ್ಗಿಸಿದರು. ಜೊತೆಗೆ 47ನೇ ಸಿಖ್ ಪಡೆ. ಹಳ್ಳಿ ಹಿಡಿದರು, ಉಳಿಸಿಕೊಳ್ಳೋಕಾಗಲಿಲ್ಲ.

ನಮ್ಮೂರಿನ ಸ್ಯಾಪರ್ಸ್ ಹೆಸರು ಈ ಯುದ್ಧಕ್ಕೆ ಬೇರೆ ದಾರಿಯಲ್ಲಿ ಬಂತು. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಕ್ ಒಂದು ಸಾಧನ ಮಾಡಿದ. ಮದ್ದು ತುಂಬಿದ ಕೊಳವೆಗಳು, ಒಂದರ ತುದಿಗೆ ಒಂದು ಸೇರಿಸುತ್ತಾ ಹೋಗೋದು. ದೂರದಿಂದಲೇ ಮುಳ್ಳುತಂತಿಯ ಬೇಲಿ ಕೆಳಗೆ ತಳ್ಳಿ ಸಿಡಿಸಿದರೆ ದಾರಿ ಬಿಡುತ್ತದೆ. ಅದರ ಹೆಸರು ಬ್ಯಾಂಗಲೋರ್ ಟಾರ್ಪಿಡೊ. ಸಿಪಾಯಿಗಳು ಮುಳ್ಳುತಂತಿಯಲ್ಲೇ ಸಿಕ್ಕಿ ಸಾಯುತ್ತಿದ್ದ ಈ ಯುದ್ಧದಲ್ಲೂ ಬಳಸಿದರು, 1944ರಲ್ಲಿ ನಾರ್ಮಂಡಿಯ ಕಡಲ ದಂಡೆಯಲ್ಲೂ ಬಳಸಿದರು. ಅಜ್ಜ ಯಾವಾಗಲೂ "ಬ್ಯಾಂಗಲೋರ್ ಅಂದ್ರೆ ಬರೀ ಊರಲ್ಲ ಕಣೋ, ಸಾಮಾನು" ಅನ್ನುತ್ತಿದ್ದರು. ತಮಾಷೆ ಅಂದುಕೊಂಡಿದ್ದೆ.

"ನಿನ್ನೂರಿನದು ಒಂದಿದ್ದರೆ ಶೆಡ್ಡಿಗೆ ಬೇಕಿತ್ತು" ಅಂದರು ಯಜಮಾನರು. ಬರೀ ಕೊಳವೆ ತಾನೇ, ಯಾರೂ ಕೂಡಿಡಲಿಲ್ಲವಂತೆ. ಸಿಡಿದರೆ ಏನೂ ಉಳಿಯೋದಿಲ್ಲ, ಅಡಿ ತಿರುಗಿಸಿ ಓದೋಕೂ ಇಲ್ಲ.

ವಾಪಸ್ ಬರುವಾಗ ಅವರು ಮತ್ತೆ ಅದೇ ಕೇಳಿದರು. ನಿಮ್ಮ ಛತ್ರಿ ಡಬ್ಬ ಎಷ್ಟು ಎತ್ತರ ಇತ್ತು? ಗೊತ್ತಿಲ್ಲ ಅಂದೆ. ಪಾಪರಿಂಗೆ ತಲುಪಿ ಕಾಫಿ ಕುಡಿಯುತ್ತಾ ಅಮ್ಮನಿಗೆ ಫೋನ್ ಹಚ್ಚಿದೆ. ಅಮ್ಮ ಎದ್ದು ನಿಂತು ಕೈ ತೋರಿಸಿದರು. "ನೀನು ಎರಡನೇ ಕ್ಲಾಸಲ್ಲಿದ್ದಾಗ ನಿನ್ನ ಸೊಂಟಕ್ಕೆ ಬರ್ತಿತ್ತು. ಒಂದ್ಸಲ ಅದರೊಳಗೆ ಕಾಲು ಹಾಕಿ ಸಿಕ್ಕಿಸ್ಕೊಂಡಿದ್ದೆ, ಮರೆತ್ಯಾ?"

ಯಜಮಾನರು ಟೇಪು ತಂದರು. ಗೋಡೆ ಮೇಲೆ 67 ಸೆಂ.ಮೀ.ಗೆ ಪೆನ್ಸಿಲ್ ಗೆರೆ ಹಾಕಿ ಫೋನಿನ ಮುಂದೆ ಹಿಡಿದರು. ಇಷ್ಟಾ? ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, ಹೂಂ, ಅಷ್ಟೇ ಇತ್ತು ಅಂದರು. ಹಾಗಾದರೆ ಅದು ಮೊದಲ ಯುದ್ಧದ್ದಲ್ಲ, ಎರಡನೆಯದರ ಕಾಲದ 3.7 ಇಂಚಿನ ವಿಮಾನ ವಿರೋಧಿ ತೋಪಿನದು ಇರಬಹುದು ಅಂದರು ಯಜಮಾನರು. ಅಡಿ ನೋಡದೆ ಖಚಿತ ಹೇಳೋಕಾಗಲ್ಲ.

"ಅಡಿಯಲ್ಲಿ ಏನಾದ್ರೂ ಬರೆದಿತ್ತಾ ಅಮ್ಮ?"

"ಅಡಿ ಯಾರು ನೋಡ್ತಾರೋ? ಮಳೆಗಾಲದಲ್ಲಿ ಛತ್ರಿ ನೀರು ನಿಂತು ಹಸಿರುಗಟ್ತಿತ್ತು. ಅಜ್ಜ ಭಾನುವಾರ ಭಾನುವಾರ ಮಗುಚಿ ನೀರು ಚೆಲ್ಲೋರು. ಅವರೇ ನೋಡಿರ್ಬೇಕು."